ಬೆಳಗಿನ ಸಕ್ಕರೆ ಏರಿಕೆಯ ಕಾರಣ ತಿಳಿಯಲು: ಗ್ಲುಕೋಮೀಟರೋ, ತೋಳಿನ ಸೆನ್ಸರೋ?

ಮಲಗುವಾಗ 130 ಇದ್ದ ರಕ್ತದ ಸಕ್ಕರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ 180 ತೋರಿಸಿದರೆ, ರಾತ್ರಿ ಉಂಡ ಮುದ್ದೆಯನ್ನೇ ದೂರುವುದು ನಮ್ಮ ರೂಢಿ. ಆದರೆ ನಸುಕಿನಲ್ಲಿ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನಿನ ಪ್ರಭಾವದಿಂದ ಯಕೃತ್ತು ಗ್ಲುಕೋಸನ್ನು ಹೊರಬಿಡುವುದು, ರಾತ್ರಿಯ ಔಷಧದ ಪರಿಣಾಮ ಬೆಳಗಾಗುವ ಮೊದಲೇ ತಗ್ಗುವುದು, ಅಪರೂಪಕ್ಕೆ ನಿದ್ದೆಯಲ್ಲಿ ಸಕ್ಕರೆ ಕುಸಿದು ಮತ್ತೆ ಪುಟಿದೇಳುವುದು ಕೂಡ ಇದಕ್ಕೆ ಕಾರಣವಾಗಬಹುದು.

ಗ್ಲುಕೋಮೀಟರ್ ಅಗ್ಗ, ನೇರವಾಗಿ ರಕ್ತವನ್ನೇ ಅಳೆಯುತ್ತದೆ. ಮೂರು-ನಾಲ್ಕು ದಿನ ಮಲಗುವಾಗ, ನಸುಕಿನ 3 ಗಂಟೆಗೆ ಮತ್ತು ಎದ್ದೊಡನೆ ಪರೀಕ್ಷಿಸಿ ಬರೆದಿಟ್ಟರೆ ಸಾಕಷ್ಟು ತಿಳಿಯುತ್ತದೆ. 3 ಗಂಟೆಗೆ ಸಹಜವಾಗಿದ್ದು ಆಮೇಲೆ ಏರಿದರೆ ಹಾರ್ಮೋನುಗಳ ಮೇಲೆ ಅನುಮಾನ. 70ಕ್ಕಿಂತ ಕೆಳಗಿದ್ದರೆ ಮೊದಲು ಸಕ್ಕರೆ ನೀರು ಕುಡಿಯಬೇಕು, ಲೆಕ್ಕ ಆಮೇಲೆ. ಅಲಾರಂ ಇಟ್ಟು ಏಳುವ ಕಷ್ಟವಿದೆ, ನಡುವೆ, ಉದಾಹರಣೆಗೆ ರಾತ್ರಿ 1 ಗಂಟೆಗೆ, ಏನಾಯಿತೆಂಬುದೂ ಗೊತ್ತಾಗುವುದಿಲ್ಲ.

ತೋಳಿಗೆ ಅಂಟಿಸುವ ಸೆನ್ಸರ್ ದುಬಾರಿಯಾದರೂ, ಸಾಮಾನ್ಯವಾಗಿ 10ರಿಂದ 15 ದಿನ ಇಡೀ ರಾತ್ರಿಯ ಏರಿಳಿತವನ್ನು ಗೆರೆಯಾಗಿ ತೋರಿಸುತ್ತದೆ. ಅದು ಅಳೆಯುವುದು ಚರ್ಮದಡಿಯ ದ್ರವವನ್ನಾದ್ದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಆ ತೋಳಿನ ಮೇಲೆಯೇ ಒತ್ತಿ ಮಲಗಿದರೆ ಇಲ್ಲದ ಕುಸಿತವನ್ನೂ ತೋರಿಸಬಹುದು. ಅನುಮಾನವಿದ್ದಾಗ ಬೆರಳು ಚುಚ್ಚಿ ನೋಡಲೇಬೇಕು.

ಸಕ್ಕರೆಯನ್ನು ತೀರಾ ಕುಸಿಯುವಂತೆ ಮಾಡಬಲ್ಲ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ, ಅದರಲ್ಲೂ ರಾತ್ರಿ ಬೆವರಿ ಏಳುವವರಿಗೆ, ಒಮ್ಮೆಯಾದರೂ ಸೆನ್ಸರ್ ಹಾಕಿಸುವುದು ಹಣಕ್ಕೆ ತಕ್ಕ ಕೆಲಸ. ಮೆಟ್‌ಫಾರ್ಮಿನ್ ಮಾತ್ರ ನುಂಗುವವರು ಗ್ಲುಕೋಮೀಟರಿನಿಂದಲೇ ಆರಂಭಿಸಬಹುದು. ಯಾವುದನ್ನು ಬಳಸಿದರೂ ಆ ಅಂಕಿಗಳನ್ನು ವೈದ್ಯರಿಗೆ ತೋರಿಸುವ ಮೊದಲು ರಾತ್ರಿಯ ಇನ್ಸುಲಿನ್ ಹೆಚ್ಚಿಸಬಾರದು.