ಸಂಗೀತ ಆ್ಯಪ್‌ನಲ್ಲಿ ತಮಿಳು ಗ್ರಾಮಗೀತೆಗಳು: ಹಾಡು ಅಪ್ಪಟ, ವಿವರ ಅರೆಬರೆ

ನಾನು ಚಂದಾ ಕಟ್ಟಿ ಬಳಸುವ ಸಂಗೀತ ಆ್ಯಪ್‌ನಲ್ಲಿ ತಮಿಳುನಾಡಿನ ಗ್ರಾಮಗೀತೆಗಳಿಗೆಂದೇ ಒಂದು ವಿಭಾಗವಿದೆ. ಜೋಗುಳ, ನಾಟಿಯ ಹಾಡು, ಏತದ ಹಾಡು, ಚಪ್ಪಾಳೆ ತಟ್ಟಿ ಕುಣಿಯುತ್ತ ಹಾಡುವ ಕುಮ್ಮಿ, ಹೊಲದ ಕೆಲಸದ ನಡುವೆ ಹಾಡುವ ತೆಮ್ಮಾಂಗು, ಒಪ್ಪಾರಿ ಎಂಬ ಶೋಕಗೀತೆ, ವಿಲ್ಲುಪ್ಪಾಟ್ಟು ಎಲ್ಲವೂ ಅಲ್ಲಿ ಸಿಗುತ್ತವೆ. ತಮಿಳು ಅಷ್ಟಾಗಿ ಬಾರದವರಿಗೂ ನಾನು ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ; ಈ ಹಾಡುಗಳಲ್ಲಿ ಅನೇಕವುಗಳ ಲಯ ಹುಟ್ಟಿರುವುದೇ ಮೈಮುರಿದು ದುಡಿಯುವ ಕೆಲಸದಲ್ಲಾದ್ದರಿಂದ, ಮಾತಿಗಿಂತ ಮೊದಲು ಅದು ಮನಸ್ಸಿಗೆ ತಲುಪುತ್ತದೆ.

ಏತದ ಹಾಡನ್ನೇ ನೋಡಿ. ಬಾವಿಯಿಂದ ನೀರೆತ್ತುವವರು ಎಷ್ಟು ಸಲ ಎತ್ತಿದೆವೆಂಬ ಲೆಕ್ಕವನ್ನೂ ಹಾಡಿನೊಳಗೇ ಪೋಣಿಸುತ್ತಾರೆ. ಸಾಲಿನ ಏರಿಳಿತ ಏತದ ಏರಿಳಿತಕ್ಕೆ ಹೊಂದಿಕೊಂಡೇ ಸಾಗುತ್ತದೆ. ಇಂಥ ಹಾಡೊಂದರಲ್ಲಿ ಬಿದಿರೆಲೆಯ ಮೇಲಿನ ಇಬ್ಬನಿಯ ವರ್ಣನೆ ಕೇಳಿದ, ತಮಿಳು ರಾಮಾಯಣ ಬರೆದ ಮಹಾಕವಿ ಕಂಬನು, ರೈತ ಅಲ್ಲಿಗೇ ಹಾಡು ನಿಲ್ಲಿಸಿ ಮನೆಗೆ ಹೋದದ್ದರಿಂದ, ಮುಂದಿನ ಸಾಲಿಗಾಗಿ ಮರುದಿನದವರೆಗೆ ಕಾದನೆಂಬ ಐತಿಹ್ಯ ತಮಿಳರಲ್ಲಿ ಪ್ರಸಿದ್ಧವಾಗಿದೆ. ಹಾಡನ್ನು ಕೇಳಿದ ಮೇಲೆ ಆ ಕಾಯುವಿಕೆಯಲ್ಲಿ ನನಗೇನೂ ಅತಿಶಯ ಕಾಣಲಿಲ್ಲ.

ಜೋಗುಳಗಳಲ್ಲಿ ತಾಯಿ, ಅಳುವ ಕೂಸನ್ನು ಯಾರು ಹೊಡೆದರೆಂದು ವಿಚಾರಿಸುತ್ತಾಳೆ. ಅತ್ತೆ ಹೊಡೆದಿದ್ದರೆ ಮಲ್ಲಿಗೆಯ ಚೆಂಡಿನಿಂದಲೇ ಹೊಡೆದಿರಬೇಕು ಎಂಬಂಥ ಮುದ್ದಾದ ಕಲ್ಪನೆ ಅಲ್ಲಿದೆ. ಸೋದರಮಾವನ ಹೊಗಳಿಕೆಯಂತೂ ಮುಗಿಯುವುದೇ ಇಲ್ಲ. ತವರಿನ ಹಂಬಲವನ್ನು ಹೆಣ್ಣು ಹೇಳಿಕೊಳ್ಳುವ ಬಗೆಯೂ ಅದೇ. ಸಾವಿನ ಮನೆಯಲ್ಲಿ ಹಾಡುವ ಒಪ್ಪಾರಿಯಲ್ಲಿ ಈ ಹಂಬಲ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ: ತೀರಿಕೊಂಡವರನ್ನು ನೇರವಾಗಿ ಮಾತನಾಡಿಸುತ್ತ, ಬದುಕಿರುವವರ ಮುಂದೆ ಎಂದೂ ಹೇಳಲಾಗದ ದೂರುಗಳನ್ನು ಹೆಂಗಸರು ಅಲ್ಲಿ ಹೇಳಿಬಿಡುತ್ತಾರೆ. ವಿಲ್ಲುಪ್ಪಾಟ್ಟು ದಕ್ಷಿಣದ ತಿರುನೆಲ್ವೇಲಿ, ಕನ್ಯಾಕುಮಾರಿ ಸೀಮೆಯದು. ಗೆಜ್ಜೆ ಕಟ್ಟಿದ ದೊಡ್ಡ ಬಿಲ್ಲನ್ನು ಕೋಲಿನಿಂದ ಬಡಿಯುತ್ತ ಮುಖ್ಯ ಗಾಯಕರು ಕಥೆ ಹೇಳಿದರೆ, ಹಿಮ್ಮೇಳದವರು ‘ಆಮಾ’ ಎಂದು ಹೂಂಗುಟ್ಟುತ್ತಾರೆ.

ತಮಿಳು ಜನಪದ ಗಾಯಕಿ ಕೊಲ್ಲಂಗುಡಿ ಕರುಪ್ಪಾಯಿಯವರಂಥ ಕಂಠವನ್ನು ಕೇಳಿದವರಿಗೆ, ಈ ಹಾಡುಗಳಿಗೆ ಬೇರೆ ಅಲಂಕಾರವೇ ಬೇಡವೆಂಬುದು ತಿಳಿದಿರುತ್ತದೆ. ಆ್ಯಪ್‌ನ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಒಳ್ಳೆಯ ಧ್ವನಿಮುದ್ರಣಗಳ ನಡುವೆ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್‌ಗಳ ಅಬ್ಬರದಲ್ಲಿ ಕಂಠವೇ ಮುಳುಗಿಹೋದ ಹಾಡುಗಳನ್ನೂ ಸೇರಿಸಿದ್ದಾರೆ. ಅನೇಕ ಕಡೆ ಹಾಡಿದವರ ಹೆಸರಿಲ್ಲ, ಊರಿನ ಹೆಸರಿಲ್ಲ, ‘ಜನಪದ’ ಎಂಬ ಒಂದೇ ಪದವಿದೆ. ಹಾಡು ಊರಿನ ಸೊತ್ತಾದರೂ ಹಾಡಿದ ಕಂಠ ಒಬ್ಬರದು, ಅವರ ಹೆಸರು ಹಾಕುವುದು ಕನಿಷ್ಠ ಮರ್ಯಾದೆ. ಒಪ್ಪಾರಿ ಮುಗಿದ ಮರುಕ್ಷಣವೇ ಜಾತ್ರೆಯ ಕುಣಿತದ ಹಾಡು ತಾನಾಗಿ ಶುರುವಾಗುವುದು ಸಹಿಸಲಾಗದ ಸಂಗತಿ.

ಸಾಹಿತ್ಯವನ್ನು ತೆರೆಯ ಮೇಲೆ ತೋರಿಸುವ ಸೌಲಭ್ಯ ಕೆಲವೇ ಹಾಡುಗಳಿಗಿದೆ, ಅದೂ ತಮಿಳು ಲಿಪಿಯಲ್ಲಿ ಮಾತ್ರ. ಹೊಸಬರು ಹಾಡುಗಳು ತಾವಾಗಿಯೇ ಮುಂದುವರಿಯುವ ಸೌಲಭ್ಯವನ್ನು ಮೊದಲು ನಿಲ್ಲಿಸಿ, ವಾದ್ಯವಿಲ್ಲದ ನಾಟಿಯ ಹಾಡುಗಳಿಂದ ಆರಂಭಿಸಿ, ಒಪ್ಪಾರಿಯನ್ನು ಬಿಡುವಿರುವ ಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು.