ಅಪ್ಪಯ್ಯನ ಪಾಸ್‌ವರ್ಡ್ ಬದಲಿಸಿ ಕೆಟ್ಟೆ

ವಿಂಡೋಸ್ ಬದಲು ಹಳೇ ಉಬುಂಟು ಇರುವ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ, ನಾನು ಮಾಡಿದ್ದನ್ನು ನೀವು ಮಾಡಬೇಡಿ.

ಅಪ್ಪಯ್ಯ ಮಳೆಗಾಲ ಪೂರ್ತಿ ಅಕ್ಕನ ಮನೆಯಲ್ಲಿದ್ದು ಶಿರಸಿಗೆ ಬರುವಷ್ಟರಲ್ಲಿ ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ಮರೆತಿದ್ದರು. ಅಡಿಕೆ ಲೆಕ್ಕ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಕೊಟ್ಟ ಮುಂಗಡ, ಅಕ್ಕನ ಮದುವೆ ಫೋಟೋ ಎಲ್ಲ ಅದರಲ್ಲೇ. ‘ಐದು ನಿಮಿಷದ ಕೆಲಸ’ ಅಂದೆ. ರಿಕವರಿ ಮೋಡ್‌ಗೆ ಹೋಗಿ, ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಆಗಿ ಹೊಸ ಪಾಸ್‌ವರ್ಡ್ ಕೊಟ್ಟೆ. ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತು.

ಲಾಗಿನ್ ಮಾಡಿದರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬಂತು. ಕಂಟ್ರೋಲ್, ಆಲ್ಟ್, ಎಫ್1 ಒತ್ತಿ, ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ನೋಡಿದರೆ ಅಪ್ಪಯ್ಯನ ಫೈಲ್‌ಗಳೆಲ್ಲ ಇರುವ ಹೋಮ್ ಫೋಲ್ಡರ್‌ನಲ್ಲಿ ಎರಡೇ ಫೈಲ್. ಒಂದರ ಹೆಸರು ‘ರೀಡ್‌ಮಿ’. ‘ಎಂತ ಆತಾ ತಮಾ?’ ಅಂತ ಹಿಂದಿನಿಂದ ಅಪ್ಪಯ್ಯ.

ಆದದ್ದು ಇಷ್ಟು. ಉಬುಂಟುವಿನ 16.04 ಆವೃತ್ತಿ ಹಾಕುವಾಗ ‘ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡು’ (ಅಂದರೆ ಫೈಲ್‌ಗಳನ್ನು ಗುಟ್ಟಿನ ಲಿಪಿಗೆ ತಿರುಗಿಸಿಡು) ಅನ್ನುವುದಕ್ಕೆ ಟಿಕ್ ಹಾಕಿದವನು ನಾನೇ. (18.04ರ ಇನ್‌ಸ್ಟಾಲರ್‌ನಿಂದ ಆ ಆಯ್ಕೆಯನ್ನೇ ತೆಗೆದಿದ್ದಾರೆ.) ಫೈಲ್‌ಗಳಿಗೆ ಬೀಗ ಹಾಕುವುದು ಲಾಗಿನ್ ಪಾಸ್‌ವರ್ಡ್ ಅಲ್ಲ, 32 ಅಕ್ಷರಗಳ ಬೇರೆಯೇ ಒಂದು ಗುಟ್ಟಿನ ಸಾಲು. ಆ ಸಾಲನ್ನು ಲಾಗಿನ್ ಪಾಸ್‌ವರ್ಡ್‌ನಲ್ಲಿ ಸುತ್ತಿ ಇಟ್ಟಿರುತ್ತದೆ. ನಾವಾಗಿ, ಹಳೇದನ್ನು ಟೈಪ್ ಮಾಡಿ ಪಾಸ್‌ವರ್ಡ್ ಬದಲಿಸಿದರೆ ಅದನ್ನು ಬಿಚ್ಚಿ ಹೊಸದರಲ್ಲಿ ಸುತ್ತುತ್ತದೆ. ರೂಟ್‌ಗೆ ಹಳೇದು ಗೊತ್ತೇ ಇಲ್ಲ, ಬಿಚ್ಚುವುದು ಹೇಗೆ? ಹೆಬ್ಬಾಗಿಲ ಬೀಗ ಬದಲಾಯಿತು, ಒಳಗಿನ ಪೆಟ್ಟಿಗೆಯದು ಹಳೇದೇ ಉಳಿಯಿತು.

ಮೊದಲ ಲಾಗಿನ್‌ನಲ್ಲೇ ಆ 32 ಅಕ್ಷರ ಬರೆದಿಟ್ಟುಕೊಳ್ಳಿ ಅಂತ ಒಂದು ಕಿಟಕಿ ತೆರೆದುಕೊಂಡಿತ್ತು. ಓದದೇ ಮುಚ್ಚಿದ್ದೆ. ನಿಮ್ಮ ಲ್ಯಾಪ್‌ಟಾಪ್ ಇನ್ನೂ ತೆರೆಯುತ್ತಿದ್ದರೆ ಇವತ್ತೇ ಟರ್ಮಿನಲ್‌ನಲ್ಲಿ ‘ಇಕ್ರಿಪ್ಟ್‌ಎಫ್‌ಎಸ್-ಅನ್‌ರ‍್ಯಾಪ್-ಪಾಸ್‌ಫ್ರೇಸ್’ (ecryptfs-unwrap-passphrase) ಆಜ್ಞೆ ಕೊಟ್ಟು, ಬಂದದ್ದನ್ನು ಕಾಗದದ ಮೇಲೆ ಬರೆದಿಡಿ. ಆಗಲೇ ನನ್ನ ಹಾಗೆ ಮಾಡಿಕೊಂಡಿದ್ದರೂ ಹಳೇ ಪಾಸ್‌ವರ್ಡ್ ನೆನಪಿದ್ದರೆ ಗಾಬರಿ ಬೇಡ: ರೂಟ್‌ನಿಂದ ಮತ್ತೆ ಅದನ್ನೇ ಇಟ್ಟರೆ ಫೋಲ್ಡರ್ ತೆರೆದುಕೊಳ್ಳುತ್ತದೆ.

ಪೇಟೆಯ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ ‘ಫಾರ್ಮ್ಯಾಟ್ ಹೊಡೆದು ಕೊಡ್ತೇವೆ’ ಅಂದರು. ಪುಣ್ಯಕ್ಕೆ ಕೊಡಲಿಲ್ಲ. ಡಿಸ್ಕ್ ಹಾಗೇ ಇದೆ. ಅಪ್ಪಯ್ಯನಿಗೆ ಆಗಾಗ ಪಾಸ್‌ವರ್ಡ್ ‘ನೆನಪಾಗುತ್ತದೆ’, ನನಗೆ ಫೋನ್ ಬರುತ್ತದೆ. ನಿನ್ನೆಯದು ಹನ್ನೊಂದನೆಯದು, ನಮ್ಮ ಹಳೇ ಎಮ್ಮೆಯ ಹೆಸರು. ಅದೂ ಅಲ್ಲ.