ಲೆದರ್ ಸೀಟಿಗೆ ನೊರೆಯೋ, ಸೋಪೋ, ಎಣ್ಣೆಯೋ, ಕ್ರೀಮೋ? ಎಲ್ಲವನ್ನೂ ಹಚ್ಚಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕಂಡೀಷನರ್, ಅಂದರೆ ಚರ್ಮ ಮೆತ್ತಗಿರಲಿ ಅಂತ ಹಚ್ಚುವ ಎಣ್ಣೆಯೋ ಕ್ರೀಮೋ, ಯಾವುದು ಅಂತ ತಲೆ ಕೆಡಿಸಿಕೊಳ್ಳುವವರು ಅದರ ಅರ್ಧದಷ್ಟು ಗಮನವನ್ನು ಕ್ಲೀನರ್ ಕಡೆ ಕೊಟ್ಟರೆ ಸಾಕು, ಕಾರಿನ ಸೀಟು ಬಹಳ ವರ್ಷ ಚೆನ್ನಾಗಿರುತ್ತದೆ. ಬಾಟಲಿಗಳ ಮೇಲೆ 'ಚರ್ಮಕ್ಕೆ ಪೋಷಣೆ' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪೋಷಣೆ ಒಳಗೆ ಇಳಿಯಬೇಕಲ್ವಾ? ಈಗಿನ ಬಹುಪಾಲು ಸೀಟುಗಳಲ್ಲಿ ಇಳಿಯಲು ದಾರಿಯೇ ಇಲ್ಲ. ಚರ್ಮದ ಮೇಲೆ ಬಣ್ಣ, ಬಣ್ಣದ ಮೇಲೆ ಪಾಲಿಯುರಿಥೇನ್‌ನ ತೆಳು ಪದರ ಇರುತ್ತದೆ. ನಾವು ಮುಟ್ಟುವುದು, ಒರೆಸುವುದು, ಕೂತು ಎದ್ದು ಸವೆಸುವುದು ಎಲ್ಲ ಆ ಪದರವನ್ನೇ.

ಹಾಗಾಗಿ ಏನನ್ನೇ ಕೊಳ್ಳುವ ಮುಂಚೆ ನಿಮ್ಮ ಸೀಟು ಯಾವ ಜಾತಿಯದು ಅಂತ ನೋಡಿಕೊಳ್ಳಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ನಿಂತರೆ ಪದರ ಇರುವ ಚರ್ಮ. ಚರ್ಮ ಹನಿಯನ್ನು ಹೀರಿಕೊಂಡು ಅಲ್ಲಿ ಬಣ್ಣ ಗಾಢವಾದರೆ ಪದರವಿಲ್ಲದ್ದು, ಅಥವಾ ಪದರ ಸವೆದು ಹೋದದ್ದು. ಇನ್ನೊಂದು ವಿಷಯ. 'ಲೆದರ್ ಸೀಟು' ಅಂದ ಮಾತ್ರಕ್ಕೆ ಪೂರ್ತಿ ಚರ್ಮ ಅಂತೇನಿಲ್ಲ. ಎಷ್ಟೋ ಕಾರುಗಳಲ್ಲಿ ಕೂರುವ, ಒರಗುವ ಭಾಗ ಮಾತ್ರ ಚರ್ಮ. ಪಕ್ಕ ಮತ್ತು ಹಿಂಬದಿ ರೆಕ್ಸಿನ್. ಅಲ್ಲಿಗೆ ಎಣ್ಣೆ ತಿಕ್ಕುವುದು ಸುಮ್ನೆ ಕೈ ನೋವು.

ನಾನು ಹೋಲಿಸಿ ನೋಡಿದ್ದು ಎರಡು ಕಾರಿನಲ್ಲಿ. ಒಂದು ನನ್ನದು, ತಿಳಿ ಬಣ್ಣದ, ಪದರ ಇರುವ ಸೀಟಿನದು. ಇನ್ನೊಂದು ನಮ್ಮಣ್ಣನ ಹಳೇ ಕಾರು, ಹನಿ ಬಿದ್ದ ಕೂಡಲೇ ಕುಡಿಯುವ ಚರ್ಮ. ಸೀಟಿನ ಮೇಲೆ ಪೇಂಟ್ ಮಾಡುವಾಗ ಬಳಸುವ, ಅಂಟು ಕಮ್ಮಿ ಇರುವ ಟೇಪ್ ಹಚ್ಚಿ ಪಟ್ಟಿ ಪಟ್ಟಿಯಾಗಿ ಭಾಗ ಮಾಡಿದೆ. (ಪ್ಯಾಕಿಂಗ್ ಟೇಪ್ ಬೇಡ. ಕೀಳುವಾಗ ಬಣ್ಣವೂ ಅದರ ಜೊತೆ ಎದ್ದು ಬರಬಹುದು.) ಪಕ್ಕಪಕ್ಕದಲ್ಲಿ ಬೇರೆ ಬೇರೆ ಹಚ್ಚಿದಾಗಲೇ ವ್ಯತ್ಯಾಸ ಕಾಣುವುದು. ಇಡೀ ಸೀಟಿಗೆ ಒಂದೇ ಬಾಟಲಿ ಸುರಿದರೆ ಎಲ್ಲವೂ 'ಸೂಪರ್' ಅನ್ನಿಸುತ್ತದೆ.

ಮೊದಲು ಕ್ಲೀನರ್‌ಗಳು. ಲೆದರ್‌ಗೆಂದೇ ಮಾಡಿದ ನೊರೆ ಕ್ಲೀನರ್, ಕುದುರೆ ಜೀನಿಗೆ ಬಳಸುವ ಸ್ಯಾಡಲ್ ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು, ಮಗುವಿನ ಒದ್ದೆ ವೈಪ್ಸ್, ಆಮೇಲೆ ಒರೆಸುವುದೂ ಕಂಡೀಷನ್ ಮಾಡುವುದೂ ಒಟ್ಟಿಗೇ ಆಗುತ್ತದೆ ಎನ್ನುವ ಟೂ ಇನ್ ಒನ್.

ಇದರಲ್ಲಿ ನೊರೆಯದ್ದು ಸುಲಭದ ಗೆಲುವು. ಆದರೆ ಗೆದ್ದದ್ದು ಬಾಟಲಿಯೊಂದೇ ಅಲ್ಲ, ಬ್ರಶ್ ಕೂಡ. ಅದೇ ನೊರೆಯನ್ನು ಒಂದು ಪಟ್ಟಿಗೆ ಬಟ್ಟೆಯಿಂದ ಹಚ್ಚಿದೆ, ಪಕ್ಕದ ಪಟ್ಟಿಗೆ ಕುದುರೆ ಕೂದಲಿನ ಮೆತ್ತನೆ ಬ್ರಶ್‌ನಿಂದ. ಬಟ್ಟೆಯ ಕಡೆ ನೊರೆ ಬೆಳ್ಳಗೆ ಬಂತು, ಬೆಳ್ಳಗೇ ಹೋಯಿತು. ಬ್ರಶ್ ಕಡೆ ನೋಡಿದರೆ, ಚರ್ಮದ ಸಣ್ಣ ಸಣ್ಣ ಗೆರೆಗಳೊಳಗಿಂದ ಬೂದು ಬಣ್ಣ ಏಳತೊಡಗಿತು. ನೊರೆಯ ಗುಳ್ಳೆಗಳ ಅಂಚು ಮೊದಲು ಮಾಸಿತು, ಆಮೇಲೆ ಇಡೀ ನೊರೆ ಟೀ ಬಣ್ಣಕ್ಕೆ ತಿರುಗಿತು. ಒರೆಸಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಸೀಟಿನ ಹೊಲಿಗೆಯ ಗುರುತು ಕೂಡ ಕಪ್ಪಾಗಿ ಮೂಡಿತ್ತು. ಟೇಪ್ ಕಿತ್ತಾಗ ಎರಡು ಪಟ್ಟಿಗಳ ನಡುವೆ ಗೆರೆ ಎದ್ದು ಕಾಣುತ್ತಿತ್ತು. ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು. ಇಲ್ಲಿ ಹೊಳೆಯುತ್ತಿದ್ದದ್ದು ಕೊಳೆಯ ಪಟ್ಟಿ! ಫ್ಯಾಕ್ಟರಿಯಿಂದ ಬರುವಾಗ ಹೆಚ್ಚಿನ ಲೆದರ್ ಸೀಟು ಹೊಳೆಯುವುದಿಲ್ಲ. ಮೈ ಬೆವರು, ಜಿಡ್ಡು ಕೂತು ಕೂತು ಗೆರೆಗಳು ತುಂಬಿಕೊಂಡಾಗ ಮಿಂಚುತ್ತದೆ. ಡ್ರೈವರ್ ಸೀಟು ಜಾಸ್ತಿ ಮಿಂಚುವುದಕ್ಕೆ ಮುಖ್ಯ ಕಾರಣ ಇದೇ.

ಸ್ಯಾಡಲ್ ಸೋಪಿಗೆ ಹಳೇ ಹೆಸರಿದೆ, ಗೌರವವಿದೆ. ಕೊಳೆಯನ್ನೂ ಚೆನ್ನಾಗಿ ಎತ್ತುತ್ತದೆ. ತೊಂದರೆ ಇರುವುದು ಬೇರೆ ಕಡೆ. ಅದು ಮರದ ತೊಗಟೆಯ ರಸದಲ್ಲಿ ಹದ ಮಾಡಿದ ದಪ್ಪ ಚರ್ಮಕ್ಕೆ, ಅಂದರೆ ಜೀನು, ಲಗಾಮು, ಬೂಟುಗಳಿಗೆ ಆದದ್ದು. ಕಾರಿನ ಸೀಟಿನ ಚರ್ಮವನ್ನು ಸಾಮಾನ್ಯವಾಗಿ ಕ್ರೋಮ್‌ನಲ್ಲಿ ಹದ ಮಾಡಿರುತ್ತಾರೆ. ಅದರ ಪಿಎಚ್ (ಹುಳಿ, ಕ್ಷಾರ ಅಳೆಯುವ ಲೆಕ್ಕ, 7 ಅಂದರೆ ನಡುಮಧ್ಯ) ಸುಮಾರು 3.5ರಿಂದ 5ರ ಒಳಗೆ, ಅಂದರೆ ಕೊಂಚ ಹುಳಿ ಕಡೆಗೆ. ಸೋಪಿನ ಪಿಎಚ್ 9, 10ರ ಹತ್ತಿರ, ಅಂದರೆ ಕ್ಷಾರದ ಕಡೆಗೆ. ಒಮ್ಮೆ ಹಚ್ಚಿದರೆ ಏನೂ ಆಗುವುದಿಲ್ಲ. ಪದೇ ಪದೇ ಹಚ್ಚಿ, ಸರಿಯಾಗಿ ಒರೆಸದೆ ಬಿಟ್ಟರೆ ಮೇಲ್ಪದರಕ್ಕೂ ಹೊಲಿಗೆಯ ಸಂದಿಯ ಬರೀ ಚರ್ಮಕ್ಕೂ ಒಳ್ಳೆಯದಲ್ಲ. ನನ್ನ ಪಟ್ಟಿಯಲ್ಲಿ ಒಣಗಿದ ಮೇಲೆ ಮೇಣದಂಥ ಒಂದು ಪಸೆ ಉಳಿದಿತ್ತು. ಬೆರಳು ಎಳೆದರೆ ಗೆರೆ ಬೀಳುತ್ತಿತ್ತು.

ಪಾತ್ರೆ ಲಿಕ್ವಿಡ್ ಜಿಡ್ಡು ತೆಗೆಯಲು ಹುಟ್ಟಿದ್ದು, ತೆಗೆಯುತ್ತದೆ. ಅದನ್ನು ಪೂರ್ತಿ ತೊಳೆದು ತೆಗೆಯಬೇಕು. ಸೀಟನ್ನು ನಲ್ಲಿ ಕೆಳಗೆ ಹಿಡಿಯಲು ಆಗುತ್ತದೆಯೇ? ನಾಲ್ಕು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಬಟ್ಟೆ ಜಾರುತ್ತಲೇ ಇತ್ತು. ಅಷ್ಟು ನೀರು ಸೀಟಿಗೆ ಬೇಡ. ಒಳಗೆ ಸ್ಪಂಜಿದೆ, ಕೆಲವದರಲ್ಲಿ ಬಿಸಿ ಮಾಡುವ ತಂತಿ ಇದೆ, ಪಕ್ಕದಲ್ಲಿ ಏರ್‌ಬ್ಯಾಗ್ ಇದೆ. ಮಗುವಿನ ವೈಪ್ಸ್ ಚೆಲ್ಲಿದ ಜ್ಯೂಸಿಗೆ ಸರಿ, ಆ ಹೊತ್ತಿಗೆ ಸರಿ. ಹಳೇ ಕೊಳೆಯನ್ನು ಅದು ಎತ್ತುವುದಿಲ್ಲ, ಆಚೀಚೆ ಸರಿಸುತ್ತದೆ ಅಷ್ಟೇ. ಟೂ ಇನ್ ಒನ್ ಕೂಡ ಹಾಗೇ. ಈಗಾಗಲೇ ಚೊಕ್ಕವಾಗಿರುವ ಸೀಟಿನ ಮೇಲಿನ ಧೂಳು ಒರೆಸಲು ನನಗೆ ಇಷ್ಟವಾಯಿತು. ಕೊಳೆಯಾದ ಸೀಟಿಗೆ ಹಚ್ಚಿದರೆ ಕೊಳೆಯ ಮೇಲೇ ಕ್ರೀಮ್ ಬಳಿದಂತೆ ಆಗುತ್ತದೆ.

ಮೆಲಮೈನ್ ಸ್ಪಂಜಿನ ಬಗ್ಗೆ ಒಂದೇ ಮಾತು. ಒದ್ದೆ ಮಾಡಿ ಉಜ್ಜಿದರೆ ಯಾವ ಕಲೆಯಾದರೂ ಹೋಗುತ್ತದಲ್ಲ, ಆ ಬಿಳಿ ಸ್ಪಂಜು. ಅದು ಸಾಬೂನಲ್ಲ, ಬಹಳ ನಯವಾದ ಉಪ್ಪುಕಾಗದ. ಸೀಟಿನ ಕಲೆ ತೆಗೆಯಲು ಅದನ್ನು ತರುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಹೊಸ ಜೀನ್ಸಿನ ನೀಲಿ ತಿಳಿ ಬಣ್ಣದ ಸೀಟಿಗೆ ಹತ್ತಿದಾಗಲೇ ಜನ ಇದರ ಮೊರೆ ಹೋಗುತ್ತಾರೆ. ನೀಲಿ ಹೋಗುತ್ತದೆ, ಜೊತೆಗೆ ಮೇಲ್ಪದರವೂ ಒಂದಿಷ್ಟು ಹೋಗುತ್ತದೆ, ಮುಂದಿನ ಸಲ ನೀಲಿ ಇನ್ನೂ ಬೇಗ ಹತ್ತುತ್ತದೆ. ನೊರೆ ಮತ್ತು ಬ್ರಶ್‌ನಿಂದ ಬೇಗನೆ, ಅಂದರೆ ಕಲೆ ಹಳತಾಗುವ ಮುಂಚೆ, ತಿಕ್ಕಿದರೆ ಬಹುಪಾಲು ಬಿಡುತ್ತದೆ.

ಇನ್ನು ಕಂಡೀಷನರ್. ಚೊಕ್ಕ ಮಾಡಿದ ಹಿಂದಿನ ಸೀಟಿನಲ್ಲಿ ನಾಲ್ಕು ಪಟ್ಟಿ. ಒಂದಕ್ಕೆ ಜೇನಿನಷ್ಟು ಮಂದವಾದ ಎಣ್ಣೆ ಕಂಡೀಷನರ್, ಒಂದಕ್ಕೆ ಹಾಲಿನಂಥ ನೀರು ಬೆರೆತ ಕ್ರೀಮು, ಒಂದಕ್ಕೆ ಸಿಲಿಕೋನ್ ಇರುವ ಹೊಳಪಿನ ಸ್ಪ್ರೇ. ನಾಲ್ಕನೆಯದಕ್ಕೆ ಏನೂ ಇಲ್ಲ, ಆಗಾಗ ಹಿಂಡಿದ ಒದ್ದೆ ಬಟ್ಟೆ ಮಾತ್ರ.

ಸಿಲಿಕೋನ್ ಸ್ಪ್ರೇ ಅವತ್ತೇ ಸೋತಿತು. ಫೋಟೋಗೆ ಚೆಂದ. ಕೂತರೆ ತಿರುವಿನಲ್ಲಿ ಜಾರುತ್ತದೆ. ಬಿಸಿಲಿನಲ್ಲಿ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗ್‌ಗಂತೂ ಇದನ್ನು ಹತ್ತಿರವೂ ತರಬೇಡಿ, ಕೈ ಜಾರಿದರೆ ಗೊತ್ತಲ್ಲ.

ಎಣ್ಣೆಯದ್ದು ಮೊದಲ ದಿನ ಬಹಳ ಹಿತವಾಗಿತ್ತು. ವಾಸನೆ ಚೆನ್ನಾಗಿತ್ತು, ಕೈಗೆ ಮೆತ್ತಗೆ ಅನ್ನಿಸುತ್ತಿತ್ತು. ಆದರೆ ಪದರ ಇರುವ ಚರ್ಮ ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮರುದಿನ ಒಣ ಬಟ್ಟೆ ಹಾಕಿ ಎಷ್ಟು ಒರೆಸಿದರೂ ಕಾರು ಬಿಸಿಲಲ್ಲಿ ನಿಂತ ಕೂಡಲೇ ಅಂಟಂಟು. ಧೂಳು ಹಿಡಿದುಕೊಂಡಿತು, ಬಿಳಿ ಅಂಗಿಯ ಬೆನ್ನಿಗೆ ಮಸುಕು ಗುರುತು ಬಿತ್ತು. ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಹಚ್ಚಿ ಅನ್ನುವವರಿಗೂ ಇದೇ ಉತ್ತರ. ಇಂಥ ಎಣ್ಣೆಗಳು ಹಳತಾದಂತೆ ಕಮಟು ವಾಸನೆಯನ್ನೂ ಹಿಡಿಯುತ್ತವೆ.

ಹಾಲಿನಂಥ ಕ್ರೀಮು ಒಳ್ಳೆಯದೇ. ಅಂಟಿಲ್ಲ, ಹೊಳಪಿಲ್ಲ. ಅಂಗೈ ಎಳೆದರೆ ನಯವಾಗಿ ಹೋಗುತ್ತದೆ, ಚರ್ಮಕ್ಕೆ ಚರ್ಮ ಉಜ್ಜಿದಾಗ ಬರುವ ಕಿರ್ ಸದ್ದು ನಿಂತಿತು. ನಿಜವಾದ ಲಾಭ ಅಲ್ಲೇ ಇದೆ: ಉಜ್ಜಾಟ ಕಡಿಮೆಯಾದರೆ ಪದರ ನಿಧಾನ ಸವೆಯುತ್ತದೆ. ಆದರೆ ಏನೂ ಹಚ್ಚದ ನಾಲ್ಕನೇ ಪಟ್ಟಿ? ಕೆಲವು ತಿಂಗಳಾದ ಮೇಲೆ ಕಣ್ಣು ಮುಚ್ಚಿ ಮುಟ್ಟಿ ನೋಡಿದೆ, ಮನೆಯವರ ಕೈಲೂ ಮುಟ್ಟಿಸಿದೆ. ಕ್ರೀಮಿನ ಪಟ್ಟಿ ಯಾವುದು, ಬರೀ ನೀರಿನದು ಯಾವುದು ಅಂತ ಯಾರೂ ನಂಬುವಂತೆ ಹೇಳಲಿಲ್ಲ. ಅದಾದ ಮೇಲೆ ನಾನು ಕ್ರೀಮನ್ನು ಡ್ರೈವರ್ ಸೀಟಿನ ಪಕ್ಕದ ಉಬ್ಬಿಗೆ, ಅಂದರೆ ಹತ್ತಿ ಇಳಿಯುವಾಗ ತೊಡೆ ಉಜ್ಜುವ ಜಾಗಕ್ಕೆ, ಮಾತ್ರ ಹಚ್ಚುತ್ತೇನೆ. ಬಿರುಕು ಮೊದಲು ಕಾಣಿಸಿಕೊಳ್ಳುವುದು ಅಲ್ಲೇ.

ಅಣ್ಣನ ಹಳೇ ಕಾರಿನಲ್ಲಿ ಲೆಕ್ಕ ತಲೆಕೆಳಗಾಯಿತು. ಅಲ್ಲಿ ಹಾಲಿನಂಥ ಕ್ರೀಮು ಹಚ್ಚಿದ್ದೇ ಕಾಣೆಯಾಯಿತು, ಒಣಗಿದ ಚರ್ಮ ಗಟಗಟ ಕುಡಿಯಿತು. ಮಂದ ಎಣ್ಣೆ ನಿಧಾನವಾಗಿ ಇಳಿಯಿತು. ತೆಳುವಾಗಿ ಹಚ್ಚಿ, ಕಾರನ್ನು ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಉಳಿದದ್ದನ್ನು ಒರೆಸಿದಾಗ ಬಿರುಸಾಗಿದ್ದ ಅಂಚುಗಳು ಬಗ್ಗುವಂತಾಗಿದ್ದವು. ಬಣ್ಣ ಸ್ವಲ್ಪ ಗಾಢವಾಯಿತು, ಅದು ಹಿಂದಕ್ಕೆ ಬರುವುದಿಲ್ಲ, ತಿಳಿದೇ ಹಚ್ಚಬೇಕು. ಆಗಲೇ ಬಿಟ್ಟಿದ್ದ ಬಿರುಕು ಮಾತ್ರ ಹಾಗೇ ಉಳಿಯಿತು. ಬಿರುಕನ್ನು ಯಾವ ಕಂಡೀಷನರ್ ಕೂಡ ಕೂಡಿಸುವುದಿಲ್ಲ, ಅದಕ್ಕೆ ಫಿಲ್ಲರ್, ಬಣ್ಣದ ಕೆಲಸವೇ ಆಗಬೇಕು. ಆ ಕಾರಿನಲ್ಲಿ ನೊರೆ ಕ್ಲೀನರ್ ಕೂಡ ಕಮ್ಮಿ, ಬ್ರಶ್ ಇನ್ನೂ ಹಗುರ. ಒಂದೇ ಜಾಗ ಒದ್ದೆಯಾದರೆ ನೀರಿನ ಕಲೆ ನಿಲ್ಲುತ್ತದೆ.

ತೂತು ತೂತಿನ ಸೀಟಿದ್ದವರು ಕ್ಲೀನರನ್ನು ಸೀಟಿಗೆ ಹೊಡೆಯಬೇಡಿ, ಬ್ರಶ್‌ಗೆ ಹೊಡೆದುಕೊಳ್ಳಿ. ಕ್ರೀಮನ್ನು ಬಟ್ಟೆಗೆ ಹಚ್ಚಿ ಚೆನ್ನಾಗಿ ಹರಡಿಕೊಂಡು ಆಮೇಲೆ ಒರೆಸಿ. ಇಲ್ಲದಿದ್ದರೆ ತೂತುಗಳಲ್ಲಿ ಬಿಳಿ ಚುಕ್ಕೆ ಕೂತು ಒಣಗುತ್ತದೆ, ಅದನ್ನು ಹಲ್ಲುಕಡ್ಡಿ ಹಿಡಿದು ಒಂದೊಂದಾಗಿ ಕೀಳಬೇಕು. ಯಾವ ಸೀಟಾದರೂ ಮೊದಲು ವ್ಯಾಕ್ಯೂಮ್ ಮಾಡಿ. ಹೊಲಿಗೆಯ ಸಂದಿಯಲ್ಲಿ ಸಿಕ್ಕಿದ ಮರಳಿನ ಮೇಲೆ ಬ್ರಶ್ ಆಡಿಸಿದರೆ ಗೀರು ಬೀಳುತ್ತದೆ. ಕೆಲಸ ನೆರಳಿನಲ್ಲಿ ಮಾಡಿ, ಬಿಸಿ ಸೀಟಿನ ಮೇಲೆ ನೊರೆ ಒರೆಸುವ ಮುಂಚೆಯೇ ಒಣಗಿ ಕಲೆ ನಿಲ್ಲುತ್ತದೆ.